ಅವ್ವನ ಮುಕ್ಕಾಲು ಸಿನಿಮಾಗಳು

ನನ್ನ ಅವ್ವನಷ್ಟು ಸಿನಿಮಾವನ್ನು ಪ್ರೀತಿಸಿದವರನ್ನು ನಾನು ಕಂಡಿಲ್ಲ. ಅವಳಷ್ಟು ಸಿನಿಮಾಗಳನ್ನು ನಡುವೆಯೇ ಬಿಟ್ಟು ಎದ್ದು ಬಂದವರನ್ನೂ ಕಂಡಿಲ್ಲ. ಹಾಡು, ಕುಣಿತ, ನಗೆ, ಗಂಡ ಹೆಂಡಿರ ಮುನಿಸು, ಅತ್ತೆಯ ಕಾಟ, ಎಲ್ಲವನ್ನೂ ಕಣ್ಣರಳಿಸಿ ನೋಡುವಳು. ಆಮೇಲೆ ಎಲ್ಲೋ ಒಂದು ಕಡೆ ಶಹನಾಯಿ ಅಳುವ ದನಿಯಲ್ಲಿ ಎದ್ದಿತೋ, ನಾಯಕ ಎದೆ ಹಿಡಿದುಕೊಂಡು ಒಮ್ಮೆ ಕೆಮ್ಮಿದನೋ, ಅಷ್ಟೇ. ಸೆರಗು ಸರಿಮಾಡಿಕೊಂಡು, ನನ್ನ ರಟ್ಟೆ ಹಿಡಿದು ಎಬ್ಬಿಸಿ, ಕೂತವರ ಕಾಲು ತುಳಿಯುತ್ತಾ ತಂಬಿನ ಹೊರಗೆ ನಡೆದುಬಿಡುವಳು. ಯಾರಾದರೂ ಸಾಯುವುದನ್ನು ನೋಡುವುದು ಅವಳಿಂದ ಆಗದ ಮಾತು. ಹೀಗಾಗಿ ಏಳು ವರ್ಷದವಳಾಗುವ ತನಕ ನಾನು ನೋಡಿದ ಸಿನಿಮಾಗಳೆಲ್ಲ ಮುಕ್ಕಾಲು ಸಿನಿಮಾಗಳೇ. ಸಿನಿಮಾ ಎಂದರೆ ಕೊನೆಯಲ್ಲಿ ಹೊರಗೆ ನಿಂತು ಭಡಂಗು ತಿನ್ನುವುದು ಎಂದೇ ನಾನು ತಿಳಿದುಕೊಂಡಿದ್ದೆ.

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಪೇಟೆ ಜತ್ತಿನ ಹೊರಗೆ ಜೋಳ ಕೊಯ್ದು ಬಯಲಾದ ಹೊಲದಲ್ಲಿ ವರ್ಷಕ್ಕೊಮ್ಮೆ ತಂಬು ಟಾಕೀಸಿನ ಡೇರೆ ಬಂದು ಕೂಡುತ್ತಿತ್ತು. ಸಂಜೆಯ ಮೊದಲ ಆಟಕ್ಕೆ ನಮ್ಮೂರಿನಿಂದ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದೆವು. ತಂಬಿನ ನಡುವೆ ಉದ್ದಕ್ಕೆ ಒಂದು ಹಗ್ಗ, ಆಚೆ ಗಂಡಸರು, ಈಚೆ ಹೆಂಗಸರು. ಕೂಡಲು ಮನೆಯಿಂದಲೇ ಒಯ್ದ ಗೋಣಿತಟ್ಟು. ನಮ್ಮ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ, ತಂಬಿನ ಮಾತು ಒಮ್ಮೊಮ್ಮೆ ಹಿಂದಿ. ಅವ್ವನಿಗೆ ಮೂರೂ ಒಂದೇ ಆಗಿದ್ದವು, ಯಾವ ಭಾಷೆಯಲ್ಲಿ ಅಳತೊಡಗಿದರೂ ಎದ್ದು ಹೋಗುವಳು. ಹೊರಗೆ ಗ್ಯಾಸಬತ್ತಿಯ ಬೆಳಕಿನಲ್ಲಿ ಭಡಂಗು ಮಾರುವವನೊಬ್ಬ ಇರುತ್ತಿದ್ದ. ಬೆಳ್ಳುಳ್ಳಿ, ಶೇಂಗಾ, ಕರಿಬೇವು ಹಾಕಿ ಹುರಿದ ಆ ಖಾರದ ಚುರುಮುರಿಯ ಪೊಟ್ಟಣ ಹಿಡಿದು ಅವ್ವ ತಂಬಿಗೆ ಬೆನ್ನು ಮಾಡಿ ನಿಲ್ಲುವಳು. ಪೊಟ್ಟಣವನ್ನು ಬಿಚ್ಚುತ್ತಿರಲಿಲ್ಲ. ನಾನು ಕೈ ಚಾಚಿದರೆ, ತಡಿ ಅನ್ನುವಳು. ಆಟ ಮುಗಿದು ಮಂದಿಯೆಲ್ಲ ಹೊರಬಂದ ಮೇಲೆ ಕೊನೆಯಲ್ಲಿ ಅಪ್ಪ ಬರುತ್ತಿದ್ದ. ಅವ್ವ ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ಅವನ ಮುಖ ನೋಡುವಳು.

"ಬದುಕಿದ" ಅನ್ನುತ್ತಿದ್ದ ಅಪ್ಪ.

ಆಗ ಪೊಟ್ಟಣ ಬಿಚ್ಚುತ್ತಿತ್ತು. ಚಕ್ಕಡಿಯಲ್ಲಿ ಕೂತು ಮೂವರೂ ಭಡಂಗು ತಿನ್ನುತ್ತಾ ಬರುತ್ತಿದ್ದೆವು. ನಾಯಕ ಹ್ಯಾಂಗೆ ಬದುಕಿದ, ಯಾವ ಡಾಕ್ಟರು ಬಂದ, ಯಾರ ರಕ್ತ ಕೊಟ್ಟರು ಎಂದು ಅಪ್ಪ ಊರು ಮುಟ್ಟುವ ತನಕ ಹೇಳುತ್ತಿದ್ದ. ಅವ್ವ ಹೂಂ ಹೂಂ ಅನ್ನುತ್ತಿದ್ದಳು. ಮಾರನೆಯ ದಿನದಿಂದ ರೊಟ್ಟಿ ಬಡಿಯುವಾಗ ಆ ಸಿನಿಮಾದ ಹಾಡನ್ನೇ ಗುನುಗುವಳು, ರೊಟ್ಟಿಯ ತಾಳಕ್ಕೆ ಹಾಡು ಕೂಡದಿದ್ದರೆ ರೊಟ್ಟಿಯನ್ನೇ ಸ್ವಲ್ಪ ತಡೆದು ಬಡಿಯುವಳು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ದನಗಳ ಗ್ವಾದಲಿ, ಮೂರು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ದೀಪ ಇಡಲು ಕೊರೆದ ಒಂದು ಆರುಪಾರು ಗೂಡು ಇತ್ತು. ದೀಪ ಒಂದೇ, ಬೆಳಕು ಎರಡೂ ಕಡೆಗೆ. ಅಡುಗೆಮನೆಯ ಮಾಳಿಗೆಗೆ ಬೆಳಕಿಂಡಿ, ಅದರಿಂದ ಇಳಿದ ಬಿಸಿಲಿನ ಬಿಲ್ಲೆ ಒಲೆಯ ಹತ್ತಿರ ಬಂತೆಂದರೆ ನಾನು ಶಾಲೆಗೆ ಓಡುವ ಹೊತ್ತು. ಬೆಳಗಿನ ಊಟ ಬಿಸಿ ರೊಟ್ಟಿ, ಅದರ ಮೇಲೆ ಒಂದು ಬೆರಳು ಬೆಣ್ಣೆ, ಬದಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅವ್ವ ಎಲ್ಲರಿಗೂ ಬಡಿಸಿದ ಮೇಲೆ ಬಸಿಯಲ್ಲಿ ಚಹಾ ಸುರುವಿಕೊಂಡು, ಒಲೆಯ ಮುಂದೆ ಒಂದು ಕಾಲು ಚಾಚಿ ಕೂತು, ಕಣ್ಣು ಮುಚ್ಚಿ ಕುಡಿಯುವಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯುವಂತಿರಲಿಲ್ಲ, ಅಪ್ಪನ ಅವ್ವ, ನಮ್ಮ ಆಯಿ ಕೂಡ. ಸುಖವೆಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಚಾಚಿದ ಕಾಲು ನೆನಪಾಗುತ್ತದೆ.

ಅಪ್ಪ ಮಲ್ಲಪ್ಪ ಹೊಲ ಮಾಡುತ್ತಿದ್ದ. ಆದರೆ ಸುತ್ತ ಹತ್ತೂರಿನಲ್ಲಿ ಅವನು ಹೆಸರಾಗಿದ್ದು ಹೊಲದಿಂದಲ್ಲ, ಸಾಯುವುದರಿಂದ. ನಮ್ಮೂರ ಮಂದಿ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಚಾವಡಿಯ ಮುಂದೆ ಒಂದು ಬಯಲಾಟ ಆಡುತ್ತಿದ್ದರು. ಅದರಲ್ಲಿ ಅಪ್ಪನದು ಸೇನಾಪತಿಯ ಪಾತ್ರ. ರಾಜನ ಮಗನನ್ನು ಉಳಿಸಲು ಹೋಗಿ ಬೆನ್ನಿಗೆ ಈಟಿ ತಿಂದು, ಯಾರೂ ಇಲ್ಲದ ಬಯಲಿನಲ್ಲಿ ಬಿದ್ದು, ನೀರು ನೀರು ಎಂದು ಹಾಡುತ್ತಾ ಸಾಯುತ್ತಾನೆ. ಇಡೀ ರಾತ್ರಿಯ ಆಟ, ಸೇನಾಪತಿ ಸಾಯುವಾಗ ಸರಿಯಾಗಿ ಮೂಡಣ ಕೆಂಪಾಗಬೇಕು. ಅದಕ್ಕಾಗಿ ನಡುವೆ ಹಾಡು ಎಳೆಯುವುದೋ ಬಿಡುವುದೋ ಎಂಬುದೆಲ್ಲ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಲೆಕ್ಕ. ತಿಕೋಂಡಿ, ಕರಜಗಿ, ಸೋನ್ಯಾಳದಿಂದ ಮಂದಿ ಕಂಬಳಿ ಹೊತ್ತುಕೊಂಡು ಬರುತ್ತಿದ್ದರು. ಎಷ್ಟೋ ಮಂದಿ ರಾಜನ ದರಬಾರು ಶುರುವಾದೊಡನೆ, ಸೇನಾಪತಿ ಬಿದ್ದಾಗ ಏಳಿಸು ಎಂದು ಪಕ್ಕದವನಿಗೆ ಹೇಳಿ ಮಲಗುತ್ತಿದ್ದರಂತೆ.

ಈ ಆಟವನ್ನು ಅವ್ವ ಒಮ್ಮೆಯೂ ನೋಡಿರಲಿಲ್ಲ. ನೋಡುವ ಹಾಗಿರಲಿಲ್ಲ. ಸಾಯುವ ಪಾತ್ರ ಮಾಡುವವನ ಹೆಂಡತಿ ಆಟದ ಹತ್ತಿರ ಸುಳಿಯಬಾರದು ಎಂಬುದು ಆಯಿ ತನ್ನ ತವರಿನಿಂದ ತಂದ ಕಟ್ಟಳೆ. ಅವಳ ತವರಿನಲ್ಲಿ ಹಿಂದೊಮ್ಮೆ ಒಬ್ಬ ಆಟದಲ್ಲಿ ಸತ್ತು ಬಿದ್ದವನು ಖರೇನೇ ಏಳಲಿಲ್ಲವಂತೆ, ಅವನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದಳಂತೆ. ನಿಜವೋ ಸುಳ್ಳೋ, ಆಯಿ ಅದನ್ನು ಹೇಳುವಾಗ ನಮ್ಮ ಮೈಮೇಲೆ ಮುಳ್ಳು ಏಳುತ್ತಿದ್ದವು. ಆಟ ಮುಗಿಸಿ ಬಂದ ಅಪ್ಪನನ್ನೂ ಆಯಿ ಸೀದಾ ಒಳಗೆ ಬಿಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಲ್ಲಿಸಿ, ರೊಟ್ಟಿಯ ತುಂಡು, ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಗೆದು, ಕಾಲಿಗೆ ನೀರು ಹಾಕಿ, ಮುಖದ ಬಣ್ಣ ನೋಡುತ್ತಾ ಕೇಳುವಳು.

"ಯಾರಪಾ ನೀ?"

"ನಾ ನಿನ್ನ ಮಗ, ಮಲ್ಲಪ್ಪ."

"ಸೇನಾಪತಿ ಎಲ್ಲಿ?"

"ಅಲ್ಲೇ ಸತ್ತ. ನಾ ಒಬ್ಬನೇ ಬಂದೀನಿ."

"ಹಂಗಾದ್ರ ಬಾ ಒಳಗ."

ಇಷ್ಟಾದ ಮೇಲೆಯೇ ಅಪ್ಪ ಒಳಗೆ. ಆಗ ಅವ್ವ ಅಡುಗೆಮನೆಯ ಬಾಗಿಲಿಗೆ ಬರುವಳು, ಕೈಯಲ್ಲಿ ಚಹಾದ ಬಸಿ. ವರ್ಷಕ್ಕೊಂದು ಸಲ, ಆ ಒಂದು ಚಹಾ ಮಾತ್ರ, ಅವಳು ತನಗಿಂತ ಮೊದಲು ಅವನಿಗೆ ಕೊಡುತ್ತಿದ್ದಳು. ಬೇರೆ ದಿನಗಳ ಚಹಾದ ವಿಷಯ ಮೊದಲೇ ಹೇಳಿದೆನಲ್ಲ.

ಆಟ ನೋಡದಿದ್ದರೇನು, ಅವ್ವನಿಗೆ ಆಟ ಪೂರ್ತಿ ಬಾಯಿಪಾಠ ಇತ್ತು. ತಾಲೀಮು ನಡೆಯುತ್ತಿದ್ದದ್ದು ನಮ್ಮ ಪಡಸಾಲೆಯಲ್ಲೇ. ಇಳಿಹೊತ್ತಿಗೆ ಪೇಟಿ ಮಾಸ್ತರರು ಬಂದು ಕೂತರೆಂದರೆ ಅವ್ವ ದೀಪದ ಗೂಡಿನ ಹಿಂದೆ ಕೂತು ಕಾಳು ಹಸನು ಮಾಡುವಳು. ರಾಜನ ಪಾತ್ರದವನು ಮಾತು ಮರೆತು ತಡವರಿಸಿದರೆ ಗೋಡೆಯ ಆಚೆಯಿಂದ ಮಾತು ಬರುತ್ತಿತ್ತು. ಮಾಸ್ತರರು, "ತಂಗೀ, ನೀನೇ ರಾಜ ಆಗಬೇಕಾಗಿತ್ತು ನೋಡು" ಎಂದು ನಗುತ್ತಿದ್ದರು. ಆದರೆ ಅಪ್ಪ ಈಟಿ ತಿನ್ನುವ ಜಾಗ ಬಂತೆಂದರೆ ಅವ್ವ ಮೊರ ಕೆಳಗಿಟ್ಟು, ನನ್ನನ್ನೂ ಎಳೆದುಕೊಂಡು ಹಿತ್ತಲಿಗೆ ನಡೆಯುವಳು. ಒಮ್ಮೆ ಮಾತ್ರ ಅವ್ವ ಆಯಿಯ ಎದುರು ಬಾಯಿ ಬಿಟ್ಟದ್ದು ನನಗೆ ನೆನಪಿದೆ. ಕರಜಗಿಯಿಂದ ಅವಳ ಗೆಳತಿಯರು ಆಟಕ್ಕೆಂದು ಬಂದು ನಮ್ಮಲ್ಲೇ ಉಂಡು ಹೊರಟಿದ್ದರು.

"ಅತ್ತಿ, ನಾ ದೂರದಿಂದ ನೋಡ್ತೀನ್ರಿ. ಸಾಯೂಮುಂದ ಎದ್ದು ಬರ್ತೀನಿ."

"ನಿನಗ ಗಂಡ ಬೇಕೋ, ಆಟ ಬೇಕೋ?"

"ಊರ ಮಂದಿ ಎಲ್ಲಾ ನನ್ನ ಗಂಡನ್ನ ನೋಡಿ ಹೊಗಳ್ತಾರ. ನಾ ಒಬ್ಬಾಕಿ ನೋಡಿಲ್ಲ. ಅಷ್ಟ ಹೇಳಿದ್ನಿರಿ."

ಎರಡು ದಿನ ಅತ್ತೆ ಸೊಸೆ ಮಾತು ಬಿಟ್ಟರು. ಉಪ್ಪು ಕೊಡು, ನೀರು ತಾ ಎಂಬುದೆಲ್ಲ ನನ್ನ ಮೂಲಕವೇ ಸಾಗಿತು. ಮೂರನೆಯ ದಿನ ಆಯಿಯೇ ಸೊಸೆಯ ತಲೆಗೆ ಎಣ್ಣೆ ಹಾಕಿ ಬಾಚಿದಳು. ಕಟ್ಟಳೆ ಮಾತ್ರ ಇದ್ದಲ್ಲೇ ಇತ್ತು.

ಅದನ್ನು ಮುರಿದವಳು ನಾನು. ನನಗಾಗ ಏಳು ವರ್ಷ. ಆ ತನಕ ನಾನು ಯಾವ ಆಟದಲ್ಲೂ ಯಾವ ಸಿನಿಮಾದಲ್ಲೂ ಒಬ್ಬರೂ ಸಾಯುವುದನ್ನು ನೋಡಿರಲಿಲ್ಲ ಎಂಬುದನ್ನು ಓದುವವರು ನೆನಪಿಡಬೇಕು. ಆಟದ ರಾತ್ರಿಗಳಲ್ಲಿ ನನ್ನನ್ನು ಅವ್ವನ ಪಕ್ಕದಲ್ಲೇ ಮಲಗಿಸುತ್ತಿದ್ದರು. ಆ ವರ್ಷ ಬೆಳಗಿನ ಜಾವ ಎಚ್ಚರವಾಯಿತು. ಅವ್ವ ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದಳು, ಆಯಿ ಪೂಜೆಗೆ ಕೂತಿದ್ದಳು. ಪೇಟಿಯ ದನಿ ಕೇಳಿಸಿತು, ಎದ್ದು ನಡೆದೆ. ಚಾವಡಿಯ ಮುಂದೆ ಕಂಬಳಿ ಹೊದ್ದ ಮಂದಿಯ ನಡುವೆ ತೂರಿಕೊಂಡು ಹೋಗಿ ನೋಡಿದರೆ, ಜರತಾರಿ ಅಂಗಿ ತೊಟ್ಟ ನನ್ನ ಅಪ್ಪ ಬೆನ್ನ ತುಂಬ ಕೆಂಪಾಗಿ ಮೊಣಕಾಲೂರಿದ್ದ. "ಬಾಯಿ ಒಣಗೇತೋ ತಮ್ಮಾ, ಒಂದು ಗುಟುಕು ನೀರು ತಾರೋ" ಎಂದು ಹಾಡುತ್ತಿದ್ದ. ಯಾರೂ ಕೊಡಲಿಲ್ಲ. ಇಷ್ಟು ಮಂದಿ ಕೂತಿದ್ದಾರೆ, ಒಬ್ಬರೂ ಏಳಲೊಲ್ಲರು. ಅಪ್ಪ ನೆಲವನ್ನು ಒಮ್ಮೆ ಸವರಿ ಮುಖ ಅಡಿಯಾಗಿ ಬಿದ್ದ. ಪೇಟಿ ನಿಂತಿತು. ನನ್ನ ಪಕ್ಕದಲ್ಲಿ ಕೂತ ಬೀರಣ್ಣ ಕಾಕಾ, ತೋಳ ಬಂದು ಕುರಿ ಹೊತ್ತೊಯ್ದಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದ ಗಟ್ಟಿ ಆಳು, ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಅಪ್ಪ ಬಿದ್ದದ್ದಕ್ಕಿಂತ ಅದೇ ನನಗೆ ಸಾಕ್ಷಿಯಾಯಿತು. ದೊಡ್ಡವರು ಸುಮ್ಮಸುಮ್ಮನೆ ಅಳುತ್ತಾರೆಯೇ? ಮನೆಗೆ ಓಡಿದೆ.

ಅವ್ವ ಅಷ್ಟರಲ್ಲಿ ಅಂಗಳಕ್ಕೆ ಬಂದು ಸಗಣಿ ನೀರಿನ ಥಳಿ ಹೊಡೆಯುತ್ತಿದ್ದಳು.

"ಅವ್ವಾ, ಅಪ್ಪ ಸತ್ತ! ಬೀರಣ್ಣ ಕಾಕಾನೂ ಅಳಾಕತ್ಯಾನ!"

ಅವ್ವನಿಗೆ ಗೊತ್ತಿರಲಿಲ್ಲವೇ? ಅವನು ಅಲ್ಲಿ ಸಾಯಲೆಂದೇ ಹೋಗಿದ್ದಾನೆ, ಪ್ರತಿ ವರ್ಷ ಇದೇ ಹೊತ್ತಿಗೆ ಸಾಯುತ್ತಾನೆ ಎಂದು ಗೊತ್ತಿತ್ತು. ಮುಂದೆ ಎಷ್ಟೋ ವರ್ಷದ ಮೇಲೆ ಕೇಳಿದಾಗ, "ತಲಿಗೆ ಗೊತ್ತಿತ್ತವಾ, ಕಾಲಿಗೆ ಗೊತ್ತಿರಲಿಲ್ಲ" ಅಂದಳು. ಆ ಕಾಲುಗಳು ಓಡಿದವು. ಹಿಂದಿನಿಂದ ಆಯಿ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ತಲೆಯ ಮೇಲೆ ಸೆರಗಿಲ್ಲ, ಮೊಣಕೈ ತನಕ ಸಗಣಿ. ಮಂದಿಯನ್ನು ಸೀಳಿಕೊಂಡು ಹೋಗಿ, ಆಟದ ಅಟ್ಟ ಹತ್ತಿ, ಅಪ್ಪನನ್ನು ಅಂಗಾತ ಹೊರಳಿಸಿ, ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಸತ್ತ ಸೇನಾಪತಿಯ ಮುಂದೆ ಶೋಕದ ಹಾಡು ಹಾಡುತ್ತಿದ್ದ ರಾಜನ ಪಾತ್ರದವನು ಬಾಯಿ ತೆರೆದು ನಿಂತ. ಅಪ್ಪ ಕಣ್ಣು ತೆರೆಯಲಿಲ್ಲ. ಕಲಾವಿದ, ಸತ್ತವನು ಸತ್ತೇ ಇರಬೇಕು. ತುಟಿ ಮಾತ್ರ ಇಷ್ಟೇ ಇಷ್ಟು ಅಲ್ಲಾಡಿತು.

"ಬದುಕೀನಿ. ಮನಿಗಿ ನಡಿ."

ಈ ಮಾತು ಅವ್ವನಿಗೆ ಬಿಟ್ಟು ಇನ್ನಾರಿಗೂ ಕೇಳಿಸಲಿಲ್ಲ. ಮಂದಿ ಅದನ್ನೂ ಆಟವೆಂದೇ ತಿಳಿದರು. ಹೆಂಗಸರ ಕಡೆಯಿಂದ ಗೋಳು ಎದ್ದಿತಂತೆ. ಆ ವರ್ಷದಂಥ ಆಟ ಹಿಂದೆಂದೂ ಆಗಿರಲಿಲ್ಲ ಎಂದು ತಿಕೋಂಡಿಯವರು ವರ್ಷಗಟ್ಟಲೆ ಹೇಳಿದರು. ಮುಂದಿನ ಸುಗ್ಗಿಗೆ, ಹೆಂಡತಿ ಓಡಿ ಬರುವ ಭಾಗವನ್ನೂ ತಪ್ಪದೆ ಇಡ್ರಿ ಎಂದು ಪೇಟಿ ಮಾಸ್ತರರಿಗೆ ಹೇಳಿ ಕಳಿಸಿದ್ದರಂತೆ. ಈಗ ಬರೆಯುತ್ತಾ ನಗು ಬರುತ್ತದೆ. ಆ ದಿನ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಎರಡೂ ಕೆನ್ನೆಯ ಮೇಲೆ ಸಗಣಿಯ ಬೆರಳು ಮೂಡಿದ ಅಪ್ಪ ಹೊಸ್ತಿಲ ಹೊರಗೆ ನಿಂತಾಗ ಆಯಿ ಉಪ್ಪು, ಮೆಣಸಿನಕಾಯಿ ಎರಡೆರಡು ಸಲ ನಿವಾಳಿಸಿದಳು. ಮೂರು ಸಲ ಯಾರಪಾ ನೀ ಎಂದು ಕೇಳಿ ಮೂರು ಸಲ ಹೆಸರು ಹೇಳಿಸಿದಳು. ಒಳಗೆ ಬಂದ ಮೇಲೆ ಒಂದೇ ಮಾತು ಅಂದಳು.

"ಹೇಣ್ತಿ ನೋಡಿದಳು. ಇನ್ನ ಬಣ್ಣ ಸಾಕು."

ಅಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ಜರತಾರಿ ಅಂಗಿ ಟ್ರಂಕಿಗೆ ಸೇರಿತು. ತಾಲೀಮು ಬೇರೆಯವರ ಪಡಸಾಲೆಗೆ ಹೋಯಿತು, ಸೇನಾಪತಿಯ ಪಾತ್ರಕ್ಕೆ ಬೇರೆ ಯಾರೋ ಬಂದರು. ಅವರಿಗೆ ಸಾಯಲು ಬರುತ್ತಿರಲಿಲ್ಲ, ಬೀಳುವ ಮೊದಲು ಜಾಗ ನೋಡಿಕೊಳ್ಳುತ್ತಿದ್ದರಂತೆ. ನನ್ನನ್ನು ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಮುಂದಿನ ವರ್ಷ ಆಟದ ಬೆಳಗಿನಲ್ಲಿ ಅಪ್ಪ ಒಬ್ಬನೇ ಮಾಳಿಗೆಯ ಮೇಲೆ ಕೂತಿದ್ದ. ನಾನು ನಿಚ್ಚಣಿಕೆ ಹತ್ತಿ ನೋಡಿದೆ. ಚಾವಡಿಯ ಕಡೆಯಿಂದ ಹಾಡು ತೇಲಿ ಬರುತ್ತಿತ್ತು, ಅಪ್ಪನ ತುಟಿ ಅದರ ಜೊತೆಗೇ ಅಲ್ಲಾಡುತ್ತಿತ್ತು. ಸದ್ದಿಲ್ಲದೆ ಇಳಿದು ಬಂದೆ. ಅಪ್ಪನ ಸುಖವನ್ನು ಕಸಿದುಕೊಂಡವಳು ನಾನು ಎಂಬ ಮಾತು ಆ ದಿನ ಎದೆಗೆ ಹೊಕ್ಕಿತು. ಶಾಲೆ ಕಲಿತೆ, ಮದುವೆಯಾದೆ, ಜತ್ತಿನಲ್ಲಿ ಮಾಸ್ತರಿಕೆ ಹಿಡಿದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಅದು ಹೊರಗೆ ಬರಲಿಲ್ಲ.

ಆಟ ಬಿಟ್ಟ ಮೇಲೆ ಅಪ್ಪ ಸಿನಿಮಾ ಹಿಡಿದ. ತಂಬು ಬಂದಾಗ ವಾರಕ್ಕೆರಡು ಸಲ ಹೋಗುತ್ತಿದ್ದೆವು. ಆ ಘಟನೆಯ ಮುಂದಿನ ತಂಬಿನಲ್ಲಿ ಅಪ್ಪ ಹಗ್ಗದ ಆಚೆಯಿಂದ ನನ್ನನ್ನು ಕರೆದ.

"ಕಮಲಿ, ಇಲ್ಲಿ ಬಾ. ನನ್ನ ಬಾಜೂಕ ಕುಂದ್ರು. ಇವತ್ತ ಪೂರ್ತಿ ನೋಡು."

ಶಹನಾಯಿ ಎದ್ದಿತು. ಅವ್ವ ಎದ್ದಳು, ನನ್ನ ಕಡೆ ನೋಡಿದಳು, ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದ. ಅವಳು ಒಬ್ಬಳೇ ಹೊರಗೆ ಹೋದಳು. ತೆರೆಯ ಮೇಲೆ ನಾಯಕ ಗುಂಡು ತಿಂದು ತನ್ನ ತಾಯಿಯ ಮಡಿಲಲ್ಲಿ ಮಲಗಿದ. ನಾನು ಅಪ್ಪನ ಅಂಗಿ ಹಿಡಿದುಕೊಂಡೆ. ಅಪ್ಪ ಕಿವಿಯ ಹತ್ತಿರ ಬಾಗಿದ.

"ಮಾರಿ ನೋಡಬ್ಯಾಡ. ಹೊಟ್ಟಿ ನೋಡು."

ನೋಡಿದೆ. ಸತ್ತ ನಾಯಕನ ಅಂಗಿ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

"ಉಸರಾಡಾಕತ್ಯಾನಲ್ಲ? ಎಷ್ಟ ದೊಡ್ಡ ಆಟಗಾರ ಇದ್ರೂ ಅಷ್ಟೊಂದು ಉದ್ದ ಉಸುರು ಹಿಡಿಯಾಕ ಆಗೂದಿಲ್ಲ. ಅಂವ ಈಗ ಎದ್ದು ಮನಿಗಿ ಹೋಗಿ ಉಣ್ತಾನ."

ಆ ದಿನದಿಂದ ನನಗೆ ಸಿನಿಮಾದ ರುಚಿಯೇ ಬೇರೆಯಾಯಿತು. ಮಂದಿ ಗೊಳೋ ಎಂದು ಅಳುವಾಗ ಅಪ್ಪ ಮಗಳು ಸತ್ತವರ ಹೊಟ್ಟೆ ನೋಡುತ್ತಾ ಕೂತಿರುತ್ತಿದ್ದೆವು. ಈ ನಟ ಚೆನ್ನಾಗಿ ಸತ್ತ, ಅವನಿಗೆ ರೆಪ್ಪೆ ನಿಲ್ಲಲಿಲ್ಲ ಎಂದು ಅಪ್ಪ ಪಿಸುಗುಟ್ಟುತ್ತಿದ್ದ. ಒಂದು ಕೆಲಸವನ್ನು ಚೆನ್ನಾಗಿ ಮಾಡಿದ್ದನ್ನು ನೋಡಿ ಸಂತೋಷಪಡುವುದನ್ನು ನಾನು ಕಲಿತದ್ದು ಆ ಗೋಣಿತಟ್ಟಿನ ಮೇಲೆ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕಲಿತೆ. ಹೊರಗೆ ಬಂದಾಗ ಅವ್ವ ಮುಖ ನೋಡುವಳು. ಅಪ್ಪ, "ಬದುಕಿದ" ಅನ್ನುತ್ತಿದ್ದ. ನಾಯಕ ಬದುಕಿರಲಿಲ್ಲ. ಚಿತೆಗೆ ಬೆಂಕಿ ಇಟ್ಟದ್ದನ್ನು ನಾನು ಕಣ್ಣಾರೆ ನೋಡಿ ಬಂದಿರುತ್ತಿದ್ದೆ. ಹಾಗಾದರೆ ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು! ಮೊದಲ ದಿನ ಬಾಯಿ ತೆರೆಯಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಪೊಟ್ಟಣ ಬಿಚ್ಚಿ, "ತಗೋ ಕಮಲಿ" ಎಂದು ನನ್ನ ಬೊಗಸೆಗೆ ಭಡಂಗು ಸುರಿದಳು. ಆ ಮುಖದಲ್ಲಿ ಎಂಥ ನಿರಾಳವಿತ್ತೆಂದರೆ, ನಾನು ಬಾಯಿ ಮುಚ್ಚಿಕೊಂಡು ತಿಂದೆ. ಚಕ್ಕಡಿಯಲ್ಲಿ ಅಪ್ಪ ಡಾಕ್ಟರನ್ನು ಕರೆಸಿದ, ರಕ್ತ ಕೊಡಿಸಿದ, ಕೊನೆಗೆ ನಾಯಕನ ಮದುವೆಯನ್ನೂ ಮಾಡಿಸಿದ. ನಾನು ಹೌದು ಹೌದು ಅಂದೆ. ಮುಂದೆ ತಂಬು ಬರುವುದು ನಿಲ್ಲುವ ತನಕ ನಾವಿಬ್ಬರೂ ಸೇರಿ ಎಷ್ಟು ಮಂದಿಯನ್ನು ಬದುಕಿಸಿದೆವೋ ಲೆಕ್ಕವಿಲ್ಲ.

ಆಯಿ ತುಂಬು ವಯಸ್ಸಿನಲ್ಲಿ ಹೋದಳು. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬು ಬಂತು, ಅಪ್ಪನ ಹಟಕ್ಕೆ ಪಡಸಾಲೆಯನ್ನೂ ದೀಪದ ಗೂಡಿನ ಗೋಡೆಯನ್ನೂ ಆಮೇಲೆ ಹುಟ್ಟಿದ ನನ್ನ ತಮ್ಮ ಹಾಗೆಯೇ ಉಳಿಸಿದ. ತಮ್ಮನ ಸಂಸಾರ, ಮೊಮ್ಮಕ್ಕಳು, ಮನೆ ತುಂಬಿದೆ. ಮೊಬೈಲಿನಲ್ಲಿ ಬೇಕಾದ ಸಿನಿಮಾ ಸಿಗುತ್ತದೆ, ಅವ್ವ ಅದರಲ್ಲೂ ಮುಕ್ಕಾಲೇ ನೋಡುತ್ತಾಳೆ. ಸಾಯುವ ಭಾಗ ಬಂದಾಗ ಮೊಬೈಲನ್ನು ಮೊಮ್ಮಗಳ ಕೈಗೆ ಕೊಟ್ಟು ಚಹಾ ಇಡಲು ಏಳುತ್ತಾಳೆ.

ಹೋದ ವರ್ಷ ಅಪ್ಪನ ಎದೆ ಕೈಕೊಟ್ಟಿತು. ಎಂಬತ್ತರ ವಯಸ್ಸು. ಮೀರಜಿನ ದವಾಖಾನೆಗೆ ಒಯ್ದೆವು, ಎದೆ ಸೀಳಿ ಆಪರೇಷನ್ ಮಾಡಬೇಕೆಂದರು. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ನನ್ನ ತಮ್ಮ, ಔಷಧಿ, ಕಾಗದಪತ್ರ ಎಂದು ಓಡಾಡುತ್ತಿದ್ದ. ಅವ್ವ ಬಾಗಿಲ ಮುಂದಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು, ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ನಾ ಕೆಳಗ ಇರ್ತೀನಿ. ನೀ ಇಲ್ಲೇ ಕುಂದ್ರು, ಪೂರ್ತಿ."

ಅವಳು ಮೆಟ್ಟಿಲು ಇಳಿಯುವುದನ್ನು ನೋಡುತ್ತಾ ಕೂತೆ. ಈಗ ತಂಬಿನ ಹಗ್ಗದ ಆಚೆ ಉಳಿದವಳು ನಾನೊಬ್ಬಳೇ, ಪಕ್ಕದಲ್ಲಿ ಪಿಸುಗುಟ್ಟಲು ಅಪ್ಪನಿಲ್ಲ. ಹೋಗಿ ಹೇಳಬೇಕಾದವಳೂ ನಾನೇ. ಬದುಕಿದರೆ ಸರಿ. ಇಲ್ಲದಿದ್ದರೆ? ಡಾಕ್ಟರನ್ನು ಕರೆಸಿ ರಕ್ತ ಕೊಡಿಸಿ ಬದುಕಿಸಲು ಇದು ಚಕ್ಕಡಿಯ ದಾರಿಯಲ್ಲ. ಮಧ್ಯಾಹ್ನ ಆಯಿತು, ಮೂರು ಗಂಟೆಯಾಯಿತು. ಕೊನೆಗೆ ಡಾಕ್ಟರು ಹೊರಬಂದು, ಮುಖದ ಬಟ್ಟೆ ಇಳಿಸಿ, ಎಲ್ಲ ಸರಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿದರು. ನಾನು ನಂಬಲಿಲ್ಲ. ದೊಡ್ಡವರು ಒಳ್ಳೆಯ ಮನಸ್ಸಿನಿಂದ ಎಂಥೆಂಥ ಸುಳ್ಳು ಹೇಳುತ್ತಾರೆಂದು ನನಗೆ ಗೊತ್ತಿಲ್ಲವೇ? ಒಂದೇ ಒಂದು ಸಲ ಗಾಜಿನ ಬಾಗಿಲಿನಿಂದ ನೋಡುತ್ತೇನೆ ಎಂದು ನರ್ಸಮ್ಮನ ಬೆನ್ನು ಹತ್ತಿದೆ. ಅಪ್ಪನ ಮುಖದ ತುಂಬ ನಳಿಕೆಗಳು. ಮುಖ ನೋಡಲಿಲ್ಲ, ಹೊಟ್ಟೆ ನೋಡಿದೆ. ಹಸಿರು ಹೊದಿಕೆ ಮೆಲ್ಲಗೆ ಏರಿತು, ಇಳಿಯಿತು, ಮತ್ತೆ ಏರಿತು.

ಕೆಳಗೆ ಚಹಾದ ಗಾಡಿಯ ಹತ್ತಿರ ಅವ್ವ ದವಾಖಾನೆಗೆ ಬೆನ್ನು ಮಾಡಿ ನಿಂತಿದ್ದಳು. ಕೈಯಲ್ಲಿ ಭಡಂಗಿನ ಪೊಟ್ಟಣ, ಬಿಚ್ಚಿರಲಿಲ್ಲ. ನನ್ನ ಹೆಜ್ಜೆ ಕೇಳಿ ತಿರುಗಿ ಮುಖ ನೋಡಿದಳು.

"ಬದುಕ್ಯಾನ ಅವ್ವಾ."

ಪೊಟ್ಟಣ ಬಿಚ್ಚಲಿಲ್ಲ. ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು.

"ಖರೇ ಬದುಕಿದ್ದೋ, ತಂಬಿನ್ಯಾಗ ಬದುಕಿದ್ದೋ?"

ಐವತ್ತು ವರ್ಷ! ಐವತ್ತು ವರ್ಷ ಗೊತ್ತಿದ್ದೂ ಹೂಂ ಹೂಂ ಅಂದವಳು.

"ಖರೇ ಅವ್ವಾ. ಹೊಟ್ಟಿ ನೋಡಿ ಬಂದೀನಿ."

"ಹಂಗಾದ್ರ ಸೈ." ಆಗ ಪೊಟ್ಟಣ ಬಿಚ್ಚಿದಳು. ಅವಸರಕ್ಕೆ ಕಾಗದ ಹರಿದು ಅರ್ಧ ಭಡಂಗು ನೆಲದ ಪಾಲಾಯಿತು. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು, ಅಳುತ್ತಾ, ಉಳಿದದ್ದನ್ನು ತಿಂದೆವು.

"ನಿನಗ ಹ್ಯಾಂಗ ಗೊತ್ತಾತು?" ಎಂದು ಕೇಳಿದೆ.

"ಏ ಹುಚ್ಚಿ, ಮಂದಿ ಎಲ್ಲಾ ಅಳಕೋತ ಹೊರಗ ಬರತಿದ್ರಲ್ಲ, ನನಗ ಕಣ್ಣಿಲ್ಲೇನು? ನಿಮ್ಮಪ್ಪ ಸುಳ್ಳ ಹೇಳೂಮುಂದ ಮೀಸಿ ತಿರುವತಿದ್ರು. ನೀ ಚಪ್ಪಲಿ ನೋಡತಿದ್ದಿ."

"ಮತ್ತ ಯಾಕ ಸುಮ್ಮನಿದ್ದಿ?"

"ನನ್ನ ಸಲುವಾಗಿ ಒಬ್ಬರು ಅಷ್ಟು ಮಂದೀನ ಬದುಕಸ್ತಾರಂದ್ರ ಬ್ಯಾಡ ಅನ್ನಲೇನು?"

ಹದಿನೈದು ದಿನಕ್ಕೆ ಅಪ್ಪನನ್ನು ಮನೆಗೆ ತಂದೆವು. ಗಾಡಿ ಇಳಿದು, ತಮ್ಮನ ಹೆಗಲು ಹಿಡಿದು ಹೊಸ್ತಿಲಿಗೆ ಬಂದರೆ ಅವ್ವ ಅಡ್ಡ ನಿಂತಿದ್ದಾಳೆ, ಕೈಯಲ್ಲಿ ರೊಟ್ಟಿಯ ತುಂಡು, ಉಪ್ಪು, ಮೆಣಸಿನಕಾಯಿ. ನಿವಾಳಿಸಿ ಒಗೆದಳು, ಕಾಲಿಗೆ ನೀರು ಹಾಕಿದಳು.

"ಯಾರ್ರೀ ನೀವು?"

ಅಪ್ಪ ದೊಡ್ಡ ಉಸಿರು ತೆಗೆದುಕೊಂಡ. "ನಾ ಮಲ್ಲಪ್ಪ. ಒಬ್ಬನೇ ಬಂದೀನಿ."

"ಬರ್ರಿ ಒಳಗ."

ಒಂದೆರಡು ವಾರದ ಮೇಲೆ, ಶನಿವಾರ ಬೆಳಗಿನ ಶಾಲೆ ಮುಗಿಸಿ ಊರಿಗೆ ಹೋಗಿದ್ದೆ. ಅಪ್ಪ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಇನ್ನು ಹೇಳದಿದ್ದರೆ ಯಾವಾಗ ಹೇಳಲಿ ಎಂದು ಅಷ್ಟೂ ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ನಾನು ಕೂಗದಿದ್ದರೆ ನೀನು ಬಣ್ಣ ಬಿಡುತ್ತಿರಲಿಲ್ಲ ಅಪ್ಪಾ, ಅಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಆಯಿ ಬ್ಯಾಡ ಅಂದಳಂತ ಬಿಟ್ನಿ ಅಂತ ತಿಳಕೊಂಡೀ ಏನು? ಆಯಿ ಮಾತು ನಾ ಯಾವಾಗ ಕೇಳೀನಿ? ಸತ್ತು ಮಲಗಿದಾಗ ಇಕಿ ಕೈ ಬಂದು ಮಾರಿ ಮ್ಯಾಲ ಬಿತ್ತು ನೋಡು. ಆಮ್ಯಾಲ ನನಗ ಸಾಯಾಕ ಬರ್ತಿರಲಿಲ್ಲ. ಬಿದ್ರ, ಓಡಿ ಬರ್ತಾಳೇನೋ ಅಂತ ಹಾದಿ ನೋಡ್ತಿದ್ನಿ. ಹಾದಿ ನೋಡಾಂವ ಎಲ್ಲಿ ಸಾಯ್ತಾನ?"

"ಮತ್ತ ಮಾಳಿಗಿ ಮ್ಯಾಲ ಕುಂತು ಹಾಡತಿದ್ದಿ?"

"ಹೊಸಬ ತಾಳ ತಪ್ಪತಿದ್ದ. ಬೈಯಾಕತ್ತಿದ್ನಿ."

ನಾನು ನಕ್ಕೆ, ಎಷ್ಟು ನಕ್ಕೆನೆಂದರೆ ಕಣ್ಣಲ್ಲಿ ನೀರು ಬಂತು. ಐವತ್ತು ವರ್ಷ ಹೊತ್ತ ಹೊರೆಯನ್ನು ಹೀಗೆ ಒಂದು ಮಾತಿನಲ್ಲಿ ಇಳಿಸಿಬಿಡುವುದೇ? ಮೊದಲೇ ಕೇಳಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ಗೋಡೆಯ ಆಚೆ ರೊಟ್ಟಿ ಬಡಿಯುವ ಸದ್ದು ನಿಂತಿತು. ದೀಪದ ಗೂಡಿನಲ್ಲಿ ಅವ್ವನ ಮುಖ ಕಾಣಿಸಿತು.

"ಏನ್ರೀ, ಅದನ್ನ ಒಮ್ಮಿ ಮಾಡ್ರಿ. ನಾ ನೋಡೇ ಇಲ್ಲ."

"ಏನು?"

"ಸಾಯೂದು."

ಅಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ. ದನಿ ಏರಿಸಬಾರದೆಂದು ಡಾಕ್ಟರು ಹೇಳಿದ್ದರು. ಅವ್ವ ಆಗಲೇ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಪಡಸಾಲೆಗೆ ಬಂದು, ಮಂಚದ ಮುಂದೆ, ನೆಲದ ಮೇಲೆ, ಒಂದು ಕಾಲು ಚಾಚಿ ಕೂತಳು. ಅಪ್ಪ ಹೊದ್ದ ಶಾಲನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡ. ಬೆನ್ನು ನೆಟ್ಟಗಾಯಿತು. ಎಲ್ಲಿಂದಲೋ ಈಟಿ ಬಂದು ನಟ್ಟಿತು, ನನಗೆ ಕಂಡಿತು. ಪಿಸುದನಿಯಲ್ಲಿ, ತಾಳ ತಪ್ಪದೆ, ಅವನು ಹಾಡತೊಡಗಿದ. ಅವ್ವ ಕಣ್ಣು ಕೀಳಲಿಲ್ಲ. ಅವಳ ತುಟಿಯೂ ಜೊತೆಗೆ ಅಲ್ಲಾಡುತ್ತಿತ್ತು. ನಾನು ಅಪ್ಪನ ಹೊಟ್ಟೆ ನೋಡುತ್ತಾ ಕೂತೆ.

"ಬಾಯಿ ಒಣಗೇತೋ ತಮ್ಮಾ, ಒಂದು ಗುಟುಕು ನೀರು ತಾರೋ..."

ಅವ್ವ ಎದ್ದಳು. ಈಗ ಹಿತ್ತಲಿಗೆ ನಡೆದಳು ಎಂದೇ ತಿಳಿದೆ. ಅವಳು ಮೂಲೆಯ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದು ಅಪ್ಪನ ತುಟಿಗೆ ಹಿಡಿದಳು. ಅಪ್ಪ ಹಾಡು ನಿಲ್ಲಿಸಿ ತಂಬಿಗೆ ನೋಡಿದ, ಅವಳನ್ನು ನೋಡಿದ, ಗಟಗಟ ಕುಡಿದ. ಮೀಸೆ ಒರೆಸಿಕೊಂಡು ಸಿಡುಕಿದ.

"ನೀರು ಕೊಟ್ರ ಸೇನಾಪತಿ ಹ್ಯಾಂಗ ಸಾಯಬೇಕು?"

"ಸಾಯಬ್ಯಾಡ್ರಿ" ಅಂದಳು ಅವ್ವ. "ಏಳ್ರಿ, ರೊಟ್ಟಿ ಆರತಾವ."